ಕೊನೆಯ ಎರಡು ಸಾಲು ಹೊಡೆದು ಹಾಕಿ, ತಂಗಿ

ಪ್ರಶ್ನೆ:

ಮೇಡಂ, ನಮಸ್ಕಾರ. ನನಗೆ 38 ವರ್ಷ. ಕಲಬುರಗಿ–ಸೇಡಂ ನಡುವೆ ಓಡಾಡುವ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದೇನೆ. ಹೋದ ವರ್ಷ ಅವ್ವ ತೀರಿಕೊಂಡಳು. ಅವಳು ಎಲ್ಲವನ್ನೂ ಸೆರಗಿನ ತುದಿಗೆ ಕಟ್ಟಿಕೊಳ್ಳುವವಳು. ದವಾಖಾನೆ ಚೀಟಿ, ಮಾತ್ರೆ, ಚಿಲ್ಲರೆ, ಎಲ್ಲಾ. ಅವಳು ಹೋದ ಮೇಲೆ ನನಗೆ ಯಾವುದರಲ್ಲೂ ಸಾರ ಕಾಣುತ್ತಿಲ್ಲ. ಅದೇ ದಾರಿ, ಅದೇ ಸ್ಟಾಪು, ಅದೇ ಚಿಲ್ಲರೆ ಜಗಳ. "ದಿನಕ್ಕೊಂದು ಸಣ್ಣ ಕವಿತೆ ಬರಿ, ಬದುಕಿನ ಅರ್ಥ ತಾನೇ ಸಿಗ್ತದ" ಅಂತ ಗೆಳತಿಯೊಬ್ಬಳು ಹೇಳಿದಳು. ಕೆಲವು ತಿಂಗಳಿಂದ ರಾತ್ರಿ ಮಲಗುವ ಮುಂಚೆ ನಾಲ್ಕು ಸಾಲು ಬರೆಯುತ್ತಿದ್ದೇನೆ.

ಮೊದಮೊದಲು ಹಗುರ ಅನ್ನಿಸಿತು. ಈಗ ಅರ್ಥ ಹುಡುಕುವುದೇ ಇನ್ನೊಂದು ಡ್ಯೂಟಿ ಆಗಿಬಿಟ್ಟಿದೆ. ಎಷ್ಟೋ ದಿನ ಬರೆಯಲು ಏನೂ ಇರುವುದಿಲ್ಲ. ಅವ್ವನ ಬಗ್ಗೆ ಬರೆದ ರಾತ್ರಿ ನಿದ್ದೆ ಬರುವುದಿಲ್ಲ. ನಮ್ಮ ವಾಟ್ಸಾಪ್ ಗುಂಪಿನ ಹಿರಿಯರೊಬ್ಬರು "ಇದು ಕವಿತೆಯೇ ಅಲ್ಲ, ಮೊದಲು ಛಂದಸ್ಸು ಕಲಿಯಿರಿ, ಹಾಯ್ಕು ಅಂದರೆ 5-7-5 ಇರಲೇಬೇಕು, ಭಾಷೆಯೂ ಶುದ್ಧ ಇಲ್ಲ" ಅಂದರು. ನನ್ನ ಯಜಮಾನರು ಕೆಲಸ ಬಿಟ್ಟು ಮನೆಯಲ್ಲಿದ್ದ ದಿನಗಳ ಬಗ್ಗೆ ಒಂದು ಕವಿತೆ ಗುಂಪಿಗೆ ಹಾಕಿದ್ದೆ. ಅದಕ್ಕೆ ಅವರು ಮಾತು ಬಿಟ್ಟರು. ಇನ್ನೊಬ್ಬರು ದುಡ್ಡು ಕೊಟ್ಟರೆ ಪುಸ್ತಕ ಮಾಡಿಕೊಡುತ್ತೇವೆ ಅನ್ನುತ್ತಿದ್ದಾರೆ. ನಾನು ಬರೆಯುವುದು ಮುಂದುವರಿಸಲೋ, ಬಿಡಲೋ? ಅಥವಾ ಇದೆಲ್ಲ ಸುಮ್ನೆ ನನ್ನನ್ನು ನಾನೇ ಮೋಸ ಮಾಡಿಕೊಳ್ಳುವುದೋ? ಒಂದು ಕವಿತೆ ಕಳಿಸಿದ್ದೇನೆ.

ಸೊನ್ನೆ ಟಿಕೆಟ್ಟು ಮಡಚಿ ಮಡಚಿ
ಸೆರಗಿಗೆ ಕಟ್ಟಿಕೊಂಡಳು ಮುದುಕಿ
ಬೆಲೆಯಿಲ್ಲದ್ದಕ್ಕೂ ಬೆಲೆ ಕೊಡುವುದೇ
ಬದುಕಿನ ನಿಜವಾದ ಅರ್ಥ

ಉತ್ತರ:

ತಂಗಿ, ಬರೆಯುವುದನ್ನು ಬಿಡಬೇಡಿ. ಆದರೆ ಈಗ ಬರೆಯುತ್ತಿರುವ ರೀತಿಯಲ್ಲಿ ಒಂದೆರಡು ಬದಲಾವಣೆ ಬೇಕು. ಅದರಲ್ಲಿ ಒಂದು ತುಂಬಾ ಸಣ್ಣದು, ಇವತ್ತೇ ಮಾಡಬಹುದು. ಇನ್ನೊಂದಕ್ಕೆ ಸ್ವಲ್ಪ ಕಾಲ ಹಿಡಿಯುತ್ತದೆ.

ನಿಮ್ಮ ಪತ್ರದಲ್ಲಿ ಎರಡು ಕಷ್ಟಗಳು ಒಂದರೊಳಗೊಂದು ಸೇರಿಕೊಂಡಿವೆ. ಒಂದು, ದಿನಾ ಅದೇ ಕೆಲಸ ಮಾಡಿ ಕಣ್ಣು ಮಂಕಾಗಿರುವುದು. ಇನ್ನೊಂದು, ಅವ್ವ ಹೋದ ದುಃಖ. ಎರಡರಲ್ಲೂ "ಸಾರ ಇಲ್ಲ" ಅನ್ನಿಸುತ್ತದೆ. ಹಾಗಾಗಿ ಎರಡೂ ಒಂದೇ ಅಂದುಕೊಳ್ಳುತ್ತೇವೆ. ನಾನು ವರ್ಷಗಟ್ಟಲೆ ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿದವಳು, ಈಗ ಕಲಬುರಗಿಯಲ್ಲಿ ಬರವಣಿಗೆ ಶಿಬಿರ ನಡೆಸುತ್ತೇನೆ. ಶಿಬಿರಕ್ಕೆ ಬರುವವರಲ್ಲಿ ಎಷ್ಟೋ ಜನ ಹೀಗೆಯೇ ಬರುತ್ತಾರೆ. ಬೇಜಾರು ಅಂತ ಬಂದಿರುತ್ತಾರೆ, ಬರೆಯತೊಡಗಿದ ಮೇಲೆ ಅದರ ಕೆಳಗೆ ಒಂದು ಸಾವೋ, ಒಂದು ಜಗಳವೋ ಇರುತ್ತದೆ. ಸಣ್ಣ ಕವಿತೆ ಮೊದಲನೆಯದಕ್ಕೆ ಒಳ್ಳೆಯ ಮದ್ದು. ಎರಡನೆಯದಕ್ಕೆ ಅದು ಜೊತೆಗಾರ ಮಾತ್ರ. ಮದ್ದಲ್ಲ.

ಮೊದಲು ನಿಮ್ಮ ಕವಿತೆ ನೋಡೋಣ.

ಮೊದಲೆರಡು ಸಾಲು ಚೆನ್ನಾಗಿವೆ. ಸುಮ್ನೆ ಹೊಗಳುತ್ತಿಲ್ಲ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಶುರುವಾಯಿತಲ್ಲ, ಅವತ್ತಿನಿಂದ ಸೊನ್ನೆ ಟಿಕೆಟ್ಟಿನ ಬಗ್ಗೆ ಬಂದ ಜೋಕು, ಜಗಳ, ಭಾಷಣ ಲೆಕ್ಕವಿಲ್ಲ. ಆದರೆ ಒಬ್ಬ ಮುದುಕಿ ಅದನ್ನು ಮಡಚಿ ಸೆರಗಿಗೆ ಕಟ್ಟಿಕೊಂಡದ್ದನ್ನು ನೋಡಿದವರು ನೀವು. ಅದನ್ನು ನೋಡಲು ಕಂಡಕ್ಟರೇ ಆಗಿರಬೇಕು. ಟಿಕೆಟ್ ಕೊಟ್ಟು ಮುಂದಿನ ಸೀಟಿಗೆ ಹೋಗದೆ ಒಂದು ಗಳಿಗೆ ನಿಂತಿರಬೇಕು.

ಕೊನೆಯ ಎರಡು ಸಾಲು ಹೊಡೆದು ಹಾಕಿ.

ಯಾಕೆ ಗೊತ್ತಾ? ಆ ಎರಡು ಸಾಲು ಯಾರು ಬೇಕಾದರೂ ಬರೆಯಬಹುದು. ಬಸ್ಸು ಹತ್ತದವರೂ ಬರೆಯಬಹುದು. ಗುಡ್ ಮಾರ್ನಿಂಗ್ ಮೆಸೇಜಿನಲ್ಲಿ ಗುಲಾಬಿ ಹೂವಿನ ಕೆಳಗೆ ಬರುವ ಸಾಲುಗಳು ಅವು. "ಬದುಕಿನ ನಿಜವಾದ ಅರ್ಥ" ಅಂದ ಕೂಡಲೇ ಓದುವವರು ಮುದುಕಿಯ ಕೈ ನೋಡುವುದನ್ನು ಬಿಟ್ಟು ತಲೆಯಾಡಿಸಲು ಶುರು ಮಾಡುತ್ತಾರೆ. ನೀವೂ ಅಷ್ಟೇ. ಅರ್ಥ ಬರೆದಾಯಿತು, ಇನ್ನು ನೋಡುವುದೇನಿದೆ ಅಂತ ಪುಸ್ತಕ ಮುಚ್ಚಿದಿರಿ.

ನೋಡುವುದು ಇನ್ನೂ ಇತ್ತು. ಆ ಗಂಟಿನಲ್ಲಿ ಟಿಕೆಟ್ಟಿಗಿಂತ ಮೊದಲೇ ಏನಿತ್ತು? ಅಡಿಕೆ ಚೂರೇ? ಮಾತ್ರೆಯೇ? ಬಿಚ್ಚಲು ಹಲ್ಲು ಹಚ್ಚಿದಳೇ? ಬೆರಳಿನಲ್ಲಿ ಬಿಚ್ಚಿದಳೇ? ಎಲ್ಲಿ ಇಳಿದಳು? ಇನ್ನೊಂದು ಮಾತು. ನಿಮ್ಮ ಮಶೀನಿನಿಂದ ಬರುವ ಆ ನುಣುಪು ಕಾಗದದ ಮೇಲಿನ ಅಕ್ಷರ ಜಾಸ್ತಿ ದಿನ ನಿಲ್ಲುವುದಿಲ್ಲ. ಶಾಖಕ್ಕೆ ಕಪ್ಪಾಗಿ ಅಕ್ಷರ ಮೂಡುವ ಕಾಗದ ಅದು. ಇಟ್ಟಲ್ಲೇ ಮಾಸುತ್ತಾ ಹೋಗಿ ಕೊನೆಗೆ ಬಿಳಿ ಚೂರಾಗುತ್ತದೆ. ಇದು ನಿಮಗೆ ಗೊತ್ತು. ಆ ಯವ್ವನಿಗೆ ಗೊತ್ತಿರಲಿಕ್ಕಿಲ್ಲ. ಈ ಒಂದು ಸಂಗತಿಯಲ್ಲಿ ನಿಮ್ಮ ಕೊನೆಯ ಎರಡು ಸಾಲಿಗಿಂತ ಹೆಚ್ಚು ಕವಿತೆ ಇದೆ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ನಿಮ್ಮ ಪತ್ರದ ಆರಂಭಕ್ಕೆ ಹೋಗಿ. ಅವ್ವ ಎಲ್ಲವನ್ನೂ ಸೆರಗಿನ ತುದಿಗೆ ಕಟ್ಟಿಕೊಳ್ಳುತ್ತಿದ್ದಳು ಅಂತ ನೀವೇ ಬರೆದಿದ್ದೀರಿ. ಬಸ್ಸಿನಲ್ಲಿ ಅಷ್ಟು ಜನ ಇದ್ದರೂ ನಿಮ್ಮ ಕಣ್ಣು ಆ ಗಂಟಿನ ಮೇಲೆ ಯಾಕೆ ನಿಂತಿತು ಅನ್ನುವುದು ನನಗೆ ಈಗ ಅರ್ಥವಾಗುತ್ತದೆ. ನಿಮಗೂ ಆಗಿರಬಹುದು. ಬೆಲೆ, ಬೆಲೆಯಿಲ್ಲದ್ದು ಅನ್ನುವ ದೊಡ್ಡ ಮಾತು ಬಂದು ಅವ್ವನನ್ನು ಮುಚ್ಚಿಬಿಟ್ಟಿತು. ಮೇಲಿಂದ ತಂದು ಅಂಟಿಸಿದ ಅರ್ಥ ಒಳಗಿದ್ದ ಅರ್ಥವನ್ನು ಕಾಣದ ಹಾಗೆ ಮಾಡುತ್ತದೆ. ಶಿಬಿರದಲ್ಲಿ ನಾನು ಜಾಸ್ತಿ ಹೇಳುವ ಮಾತು ಇದೊಂದೇ. ಹೀಗೆ ಬರೆದರೆ ಹೇಗಿರುತ್ತದೆ ನೋಡಿ:

ಸೊನ್ನೆ ಟಿಕೆಟ್ಟು
ಮಡಚಿ ಸೆರಗಿಗೆ ಕಟ್ಟಿದಳು,
ಮಾತ್ರೆಯ ಪಕ್ಕ

ಮಾತ್ರೆ ಇತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಇದು ನನ್ನ ಊಹೆ. ಮೂರನೇ ಸಾಲಿನಲ್ಲಿ ನೀವು ನಿಜವಾಗಿ ಕಂಡದ್ದನ್ನು ಇಡಿ. ಕಂಡಿರದಿದ್ದರೆ ಎರಡೇ ಸಾಲು ಇರಲಿ. ಯಾರೂ ಕೇಳುವುದಿಲ್ಲ.

ಇನ್ನು ಗುಂಪಿನ ಹಿರಿಯರ ಮಾತು. ಅವರು ಹೇಳಿದ ಮೂರೂ ನಮ್ಮಲ್ಲಿ ಬೇರೂರಿರುವ ನಂಬಿಕೆಗಳೇ. ಅವರೊಬ್ಬರ ತಪ್ಪಲ್ಲ.

ಛಂದಸ್ಸು ಕಲಿತರೆ ಒಳ್ಳೆಯದು. ಕಲಿಯದೆ ಬರೆಯಬಾರದು ಅನ್ನುವುದು ಸುಳ್ಳು. ನಿಮ್ಮ ಬಸ್ಸು ದಿನಾ ಮಳಖೇಡ ದಾಟುತ್ತದಲ್ಲ, ಅದೇ ಹಳೆಯ ಮಾನ್ಯಖೇಟ. ರಾಷ್ಟ್ರಕೂಟರ ರಾಜಧಾನಿ. ಒಂಬತ್ತನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ 'ಕವಿರಾಜಮಾರ್ಗ' ಕನ್ನಡದಲ್ಲಿ ನಮಗೆ ಉಳಿದುಬಂದಿರುವ ಅತಿ ಹಳೆಯ ಗ್ರಂಥ. ಕಾವ್ಯ ಹೇಗೆ ಬರೆಯಬೇಕು, ಯಾವುದು ದೋಷ ಅಂತ ನಿಯಮ ಹೇಳುವ ಪುಸ್ತಕ ಅದು. ಅಂಥ ನಿಯಮದ ಪುಸ್ತಕವೇ, ಈ ನಾಡಿನ ಜನ ಕೂತು ಓದದಿದ್ದರೂ ಕಾವ್ಯ ಕಟ್ಟುವುದರಲ್ಲಿ ಜಾಣರು ಅಂತ ಒಪ್ಪಿಕೊಂಡಿದೆ. ಮುಂದಿನ ಸಲ ಗುಂಪಿನಲ್ಲಿ ಯಾರಾದರೂ ಕೇಳಿದರೆ, ಕಾಗಿಣಾ ನದಿಯ ಸೇತುವೆ ದಾಟುವಾಗ ಈ ಉತ್ತರ ಕಳಿಸಿ. ಡ್ಯೂಟಿ ಮೇಲೆ ಫೋನ್ ನೋಡುವ ಹಾಗಿಲ್ಲ ಅನ್ನುವುದು ಬೇರೆ ಮಾತು.

ಹಾಯ್ಕು ಅಂದರೆ ಜಪಾನಿನ ಮೂರು ಸಾಲಿನ ಸಣ್ಣ ಕವಿತೆ, 5-7-5 ಅದರ ಮೂರು ಸಾಲಿನ ಲೆಕ್ಕ. ಅವರು ಎಣಿಸುವುದು ನಮ್ಮ ಅಕ್ಷರವನ್ನಲ್ಲ. ಅವರ ಎಣಿಕೆ ನಮ್ಮ ಛಂದಸ್ಸಿನ ಮಾತ್ರೆಗೆ, ಅಂದರೆ ಉಚ್ಚರಿಸಲು ಹಿಡಿಯುವ ಕಾಲದ ಅಳತೆಗೆ ಹತ್ತಿರ. 'ಬಸ್ಸು' ಅನ್ನುವುದರಲ್ಲಿ ಅಕ್ಷರ ಎರಡು, ಮಾತ್ರೆ ಮೂರು. ಕನ್ನಡದಲ್ಲಿ ಅಕ್ಷರ ಎಣಿಸಿ 5-7-5 ಮಾಡಿದರೆ ಅದು ಜಪಾನಿನದೂ ಆಗುವುದಿಲ್ಲ, ನಮ್ಮದೂ ಆಗುವುದಿಲ್ಲ. ಹಾಯ್ಕುವಿನ ದೊಡ್ಡ ಕವಿ ಬಾಶೋ (1644–1694) ತಾನೇ ಆ ಲೆಕ್ಕ ಮೀರಿದ್ದುಂಟು. ಎಣಿಕೆ ಇಷ್ಟವಾದರೆ ಎಣಿಸಿ. ಬೆರಳು ಮಡಚುತ್ತಾ ಕೂತರೆ ಮಾತು ಬಿಗಿಯಾಗುತ್ತದೆ, ಅದೊಂದು ಲಾಭ. ಅದಕ್ಕಿಂತ ಹೆಚ್ಚಿನ ಭಯ ಬೇಡ.

ಭಾಷೆ ಶುದ್ಧ ಇಲ್ಲ ಅನ್ನುವುದಕ್ಕೆ ಮಾತ್ರ ನನಗೆ ಸಿಟ್ಟು ಬರುತ್ತದೆ. ನೀವು ಬಸ್ಸಿನಲ್ಲಿ "ಎಲ್ಲಿಗಿ ಹೊಂಟೀದಿ ಯವ್ವಾ, ಜಲ್ದಿ ಹೇಳು" ಅನ್ನುತ್ತೀರಿ. ಕವಿತೆಯಲ್ಲಿ ಅದೇ ನೀವು "ಎಲ್ಲಿಗೆ ಪಯಣ ತಾಯೇ" ಅಂತ ಬರೆದರೆ ಆ ಮುದುಕಿ ಬಸ್ಸಿನಿಂದ ಇಳಿದು ಹೋಗುತ್ತಾಳೆ. ಅವಳನ್ನು ಯಾರೂ ಹಾಗೆ ಕರೆದಿಲ್ಲ. ಕಡಕೋಳ ಮಡಿವಾಳಪ್ಪನವರ ತತ್ವಪದಗಳು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಏಕತಾರಿ ಹಿಡಿದು ಹಾಡುವವರ ಬಾಯಲ್ಲಿವೆ. ಅವು ಈ ಸೀಮೆಯ ಮಾತಿನಲ್ಲೇ ಇವೆ. ಉರ್ದು, ಮರಾಠಿ, ತೆಲುಗು ಸೇರಿದ ನಮ್ಮ ಮಾತಿನಲ್ಲಿ ಹೇಳಲಾಗದ್ದು ಏನೂ ಇಲ್ಲ. ನಿರೂಪಣೆ ಬರಹದ ಕನ್ನಡದಲ್ಲಿರಲಿ, ಜನರ ಮಾತು ಜನರ ಬಾಯಲ್ಲಿ ಬಂದ ಹಾಗೇ ಇರಲಿ. ನಾನಂತೂ ಹಾಗೇ ಹೇಳಿಕೊಡುವುದು.

"ಬರೆಯಲು ಏನೂ ಇರುವುದಿಲ್ಲ" ಅಂದಿರಿ. ಇದರ ಹಿಂದಿನ ಕಾರಣ ಸರಳ. ಪದೇ ಪದೇ ಬರುವುದನ್ನು ಗಮನಿಸದೆ ಬಿಡುವುದು ಮಿದುಳಿನ ಸ್ವಭಾವ. ಬಿಡದಿದ್ದರೆ ಬದುಕಲು ಆಗುವುದಿಲ್ಲ. ಬಸ್ಸಿನ ಇಂಜಿನ್ ಶಬ್ದ ನಿಮಗೆ ಕೇಳುವುದೇ ಇಲ್ಲ, ಅಲ್ವಾ? ಅದು ನಿಂತಾಗ ಮಾತ್ರ ಗೊತ್ತಾಗುತ್ತದೆ. ದಾಲ್ ಮಿಲ್ಲಿನ ಪಕ್ಕ ಮನೆ ಇರುವವರಿಗೆ ತೊಗರಿ ಹೊಟ್ಟಿನ ವಾಸನೆ ಬರುವುದಿಲ್ಲ, ಬಂದ ನೆಂಟರಿಗೆ ಬರುತ್ತದೆ. ನಿಮ್ಮ ದಿನದಲ್ಲಿ ಏನೂ ಇಲ್ಲ ಅಂತಲ್ಲ. ನಿಮ್ಮ ಗಮನ ಟಿಕೆಟ್ಟು, ಚಿಲ್ಲರೆ, ಸ್ಟಾಪು ಇಷ್ಟರಲ್ಲೇ ಮುಗಿದುಹೋಗುತ್ತದೆ. ಮುಗಿಯಲೇಬೇಕು, ಅದು ನಿಮ್ಮ ಕೆಲಸ.

ಕವಿತೆ ಇಲ್ಲಿ ಏನು ಮಾಡುತ್ತದೆ? ಸಂಜೆ ಒಂದು ಸಂಗತಿ ಬರೆಯಬೇಕಿದೆ ಅಂತ ಗೊತ್ತಿದ್ದರೆ ಹಗಲು ಕಣ್ಣು ತಾನೇ ಒಂದೆರಡು ಕಡೆ ನಿಲ್ಲುತ್ತದೆ. ಅಷ್ಟೇ. ಇದರಲ್ಲಿ ಪವಾಡ ಇಲ್ಲ. ಸಣ್ಣದಾಗಿ ಬರೆಯಬೇಕಿರುವುದರಿಂದ ಒಂದನ್ನೇ ಆರಿಸಬೇಕಾಗುತ್ತದೆ. ಆರಿಸಲು ಹೋದಾಗ ಅದನ್ನು ಎರಡನೇ ಸಲ ನೋಡುತ್ತೀರಿ. ಎಷ್ಟೋ ಸಲ ಅರ್ಥ ಸಿಗುವುದು ಆ ಎರಡನೇ ನೋಟದಲ್ಲಿ.

ಜಪಾನಿನಲ್ಲಿ ಮಾಸಾಓಕಾ ಶಿಕಿ ಅಂತ ಒಬ್ಬ ಕವಿ ಇದ್ದ (1867–1902). ಹಾಯ್ಕು ಅನ್ನುವ ಹೆಸರು ರೂಢಿಗೆ ಬಂದದ್ದೇ ಅವನಿಂದ. ಕಣ್ಣಿಗೆ ಕಂಡದ್ದನ್ನು ಚಿತ್ರ ಬರೆಯುವವರ ಹಾಗೆ ಕಂಡಂತೆಯೇ ಇಡಬೇಕು ಅಂತ ಅವನ ವಾದ. ಬೆನ್ನುಮೂಳೆಯ ಕ್ಷಯ ಬಂದು ಕೊನೆಯ ವರ್ಷಗಳನ್ನು ಹಾಸಿಗೆಯಲ್ಲೇ ಕಳೆದ. ಆಗಲೂ ಬರೆದ, ಕೋಣೆಯಿಂದ ಕಾಣುವ ಸಣ್ಣ ಹಿತ್ತಿಲ ಬಗ್ಗೆ. ಅವನಿಗೆ ಕಾಣುತ್ತಿದ್ದದ್ದು ಒಂದು ಹಿತ್ತಿಲು. ನಿಮ್ಮದು ಕಲಬುರಗಿಯಿಂದ ಸೇಡಂವರೆಗಿನ ರಸ್ತೆ.

ದೂರದ ಜಪಾನ್ ಯಾಕೆ, ನಮ್ಮ ಶರಣರನ್ನೇ ನೋಡಿ. ಬಟ್ಟೆ ನೇಯುತ್ತಿದ್ದ ದೇವರ ದಾಸಿಮಯ್ಯ ಈಗಿನ ಯಾದಗಿರಿ ಜಿಲ್ಲೆಯ ಮುದನೂರಿನವನು. ಚೌಡಯ್ಯ ದೋಣಿ ನಡೆಸಿದವನು. ಕಲ್ಯಾಣದಲ್ಲಿ ಉದುರಿದ ಅಕ್ಕಿ ಆಯ್ದು ತರುತ್ತಿದ್ದ ಮಾರಯ್ಯ ಒಂದು ದಿನ ಜಾಸ್ತಿ ತಂದಾಗ, ಇಷ್ಟು ಆಸೆ ನಿಮಗೆ ಯಾಕೆ ಅಂತ ಹೆಂಡತಿ ಲಕ್ಕಮ್ಮ ಕೇಳಿದಳು. ಅವಳು ಕೇಳಿದ್ದು ವಚನವಾಗಿ ಉಳಿದಿದೆ. ಅಡುಗೆಮನೆಯಲ್ಲಿ ಅಕ್ಕಿಯ ಪ್ರಮಾಣ ನೋಡಿ ಎದ್ದ ಪ್ರಶ್ನೆ ಅದು. ಗಂಡಹೆಂಡಿರ ಮಾತು. ಅದಕ್ಕಿಂತ ದಿನನಿತ್ಯದ್ದು ಇನ್ನೇನಿದೆ? ಇವರೆಲ್ಲ ಕೆಲಸ ಬಿಟ್ಟು ಬಂದು ಅರ್ಥ ಹುಡುಕಲಿಲ್ಲ.

ಹಾಗಂತ ನೀವು ಓಡುವ ಬಸ್ಸಿನಲ್ಲಿ ಕವಿತೆ ಬರೆಯಬೇಡಿ. ಚಿಲ್ಲರೆ ತಪ್ಪಿದರೆ ಕೈಯಿಂದ ಕಟ್ಟಬೇಕಾದವರು ನೀವೇ. ಸೇಡಂ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಾಗ, ಚಹಾ ಕುಡಿಯುವಾಗ, ಚಿಕ್ಕ ಡೈರಿಯಲ್ಲಿ ಮೂರು ಪದ ಗುರುತು ಹಾಕಿಕೊಳ್ಳಿ. ಕಂಡದ್ದು, ಕೇಳಿದ್ದು, ಮೂಗಿಗೆ ಬಡಿದದ್ದು. ಅನ್ನಿಸಿದ್ದು ಬೇಡ. "ಕಂಬಿ ಸುಡ್ತದ" ಅಂತ ಬರೆದುಕೊಂಡರೆ ಏಪ್ರಿಲ್ ತಿಂಗಳ ಇಡೀ ಮಧ್ಯಾಹ್ನ ರಾತ್ರಿ ನೆನಪಿಗೆ ಬರುತ್ತದೆ. "ಬೇಸರ" ಅಂತ ಬರೆದುಕೊಂಡರೆ ಏನೂ ಬರುವುದಿಲ್ಲ.

ಕಾಲಮಾನದ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಜಪಾನಿನವರ ಹಾಯ್ಕುವಿನಲ್ಲಿ ಋತುವನ್ನು ಸೂಚಿಸುವ ಒಂದು ಪದ ಇರುವುದು ರೂಢಿ. ನಮ್ಮವರು ಅದನ್ನು ಕಾಪಿ ಮಾಡಲು ಹೋಗಿ ಚೆರ್ರಿ ಹೂವು, ಹಿಮ ಅಂತ ಬರೆಯುತ್ತಾರೆ. ಕಲಬುರಗಿಯಲ್ಲಿ ಹಿಮ! ನಿಮ್ಮ ರಸ್ತೆಯ ಋತುಗಳನ್ನು ನೀವೇ ಪಟ್ಟಿ ಮಾಡಿ. ತೊಗರಿ ಹಳದಿ ಹೂ ಬಿಡುವ ಕಾಲ. ಎಳ್ಳಮಾಸಿಗೆ ಭಜ್ಜಿ, ಸಜ್ಜಿ ರೊಟ್ಟಿ ಬುತ್ತಿ ಹೊತ್ತು ಹೊಲಕ್ಕೆ ಹೋಗುವ ಹೆಂಗಸರು ಬಸ್ಸು ತುಂಬುವ ದಿನ. ಹಿಂಗಾರಿ ಜೋಳ ತೆನೆ ಕಟ್ಟುವಾಗ ಹಕ್ಕಿ ಓಡಿಸುವವರ ಕೂಗು. ಶರಣಬಸವೇಶ್ವರ ಜಾತ್ರೆಯ ಗದ್ದಲ. ಕಾಗಿಣಾ ತುಂಬಿ ಮಳಖೇಡದ ಸೇತುವೆ ಮುಳುಗಿ ಬಸ್ಸು ತಿರುಗಿ ಬರುವ ದಿನ. ಇಷ್ಟು ಸಾಕು, ಒಂದು ವರ್ಷ ಬರೆಯಬಹುದು.

ಯಾವ ಥರದ ಸಣ್ಣ ಕವಿತೆ ಅನ್ನುವುದು ನಿಮ್ಮ ರುಚಿ. ಒಂದೊಂದಕ್ಕೂ ಒಂದೊಂದು ಅಪಾಯ ಇದೆ ಅನ್ನುವುದು ಗೊತ್ತಿರಲಿ. ಮೂರು ಸಾಲಿನ ಹಾಯ್ಕು ನೋಡಲು ಸುಲಭ. ಅದಕ್ಕೇ ಜನ ಒಂದು ವಾಕ್ಯವನ್ನು ಮೂರು ತುಂಡು ಮಾಡಿ ಕವಿತೆ ಅನ್ನುತ್ತಾರೆ. ಚುಟುಕ ಬರೆದರೆ ಪ್ರಾಸ ಸಿಗುತ್ತದೆ, ಕೇಳುವವರು ಚಪ್ಪಾಳೆ ಹೊಡೆಯುತ್ತಾರೆ. ದಿನಕರ ದೇಸಾಯಿಯವರಂಥವರ ಕೈಯಲ್ಲಿ ಅದು ಹರಿತವಾದ ಆಯುಧ. ನಮ್ಮ ಕೈಯಲ್ಲಿ 'ಬಸ್ಸು'ವಿಗೆ 'ಹಸು' ಹುಡುಕುವ ಆಟ ಆಗಿಬಿಡುತ್ತದೆ. ಕಂಡದ್ದು ಮರೆತುಹೋಗಿ ಪ್ರಾಸ ಸಿಕ್ಕಿದ್ದು ಉಳಿಯುತ್ತದೆ. ನಮ್ಮ ಕಡೆ ಶಾಯರಿ, ಗಜಲ್ ಹುಚ್ಚು ಜಾಸ್ತಿ. ಎರಡು ಸಾಲಿನ ಶೇರ್ ಬರೆಯುವುದು ನಿಜಕ್ಕೂ ಒಳ್ಳೆಯ ಸಾಧನೆ. ಆದರೆ ಬಹಳ ಜನರ ಶೇರ್‌ಗಳಲ್ಲಿ ಮಧುಶಾಲೆ, ಮಧುಬಟ್ಟಲು, ಮೊಂಬತ್ತಿ, ಪತಂಗ ಇವೇ ಬರುತ್ತವೆ. ಬರೆದವರು ಜನ್ಮದಲ್ಲಿ ಮಧುಶಾಲೆ ಮೆಟ್ಟಿಲು ಹತ್ತಿದವರಲ್ಲ.

ನಿಮಗೆ ನಾನು ಹೇಳುವುದಾದರೆ ತ್ರಿಪದಿಯನ್ನು ಒಮ್ಮೆ ಪ್ರಯತ್ನಿಸಿ. ಹಾಯ್ಕು ಬರುವ ಎಷ್ಟೋ ಮೊದಲೇ ಮೂರು ಸಾಲು ನಮ್ಮದಾಗಿತ್ತು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಸುಮಾರು 700ರದು, ಅದರಲ್ಲೇ ತ್ರಿಪದಿ ಇದೆ. ನಿಮ್ಮ ಅಜ್ಜಿ ಬೀಸುಕಲ್ಲಿನ ಮುಂದೆ ಹಾಡಿರಬಹುದಾದದ್ದೂ ಅದೇ. ಗಣ ಅಂದರೆ ಅಕ್ಷರಗಳ ಗುಂಪು. ಹನ್ನೊಂದು ಗಣ, ಆರನೆಯದು ಮತ್ತು ಹತ್ತನೆಯದು ಚಿಕ್ಕದಾದ ಬ್ರಹ್ಮಗಣ, ಉಳಿದದ್ದು ಅದಕ್ಕಿಂತ ದೊಡ್ಡ ವಿಷ್ಣುಗಣ ಅಂತ ಪುಸ್ತಕದ ಲೆಕ್ಕ. ಬೀಸುತ್ತಾ ಹಾಡಿದವರು ಇದನ್ನು ಪಾಠ ಮಾಡಿ ಕಲಿತವರಲ್ಲ. ಕೈ ತಿರುಗಿದ ಹಾಗೆ ಮಾತು ತಿರುಗಿತು. ಊರಿನಲ್ಲಿ ಹಾಡು ಬರುವ ಹಿರಿಯ ಹೆಂಗಸರಿದ್ದರೆ ಒಂದು ಮಧ್ಯಾಹ್ನ ಹೋಗಿ ಕೂತು ಕೇಳಿ. ಆ ಧಾಟಿ ಕಿವಿಗೆ ಹತ್ತಿದರೆ ಗಣ ಎಣಿಸುವ ತಾಪತ್ರಯವೇ ಇಲ್ಲ. ಅಪಾಯ ಏನೆಂದರೆ ಧಾಟಿ ಬಲು ಸಿಹಿ. ಎಲ್ಲವನ್ನೂ ತವರು, ತೊಟ್ಟಿಲು ಮಾಡಿಬಿಡುತ್ತದೆ. ಡೀಸೆಲ್ ವಾಸನೆಗೂ ಅದರಲ್ಲಿ ಜಾಗ ಮಾಡಿಕೊಡಿ.

ಇದ್ಯಾವುದೂ ಬೇಡ ಅನ್ನಿಸಿದರೆ ದಿನಕ್ಕೆ ಒಂದೇ ಒಂದು ಸಾಲು, ಕವಿತೆ ಅಂತ ಹೆಸರಿಡದೆ. "ಇವತ್ತು ಮಳಖೇಡದಲ್ಲಿ ಹತ್ತಿದ ಹುಡುಗನ ಕೈಯಲ್ಲಿ ಒಂದೇ ಚಪ್ಪಲಿ ಇತ್ತು." ಇಂಥದ್ದು. ಒಂದು ಸಾಲು ಸಾಕಾದವರು ಎಷ್ಟೋ ಜನ ಇದ್ದಾರೆ. ಫೋನಿನಲ್ಲಿ ವಿಷಯ ಹಾಕಿದರೆ ಕವಿತೆ ಬರೆದುಕೊಡುವ ಆ್ಯಪ್‌ಗಳು ಬಂದಿವೆ, ನಿಮ್ಮ ಗುಂಪಿನಲ್ಲೂ ಓಡಾಡುತ್ತಿರಬಹುದು. ನಿಮ್ಮ ಬಸ್ಸು ಹತ್ತಿದವರು ನೀವು, ಆ್ಯಪ್ ಅಲ್ಲ. ಅಷ್ಟು ಹೇಳಿ ಮುಂದೆ ಹೋಗುತ್ತೇನೆ.

"ಇನ್ನೊಂದು ಡ್ಯೂಟಿ ಆಗಿದೆ" ಅಂದದ್ದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ದಿನಾ ಬರೆಯಲೇಬೇಕು ಅನ್ನುವುದು ಶಿಸ್ತು ಕಲಿಸಲು ಹೇಳುವ ಮಾತು. ದಿನಾ ಅರ್ಥ ಸಿಗಲೇಬೇಕು ಅನ್ನುವುದು ಬೇರೆಯೇ ಮಾತು, ಅದು ಯಾರಿಗೂ ಸಾಧ್ಯವಿಲ್ಲ. ಕೆಲವು ದಿನಗಳಲ್ಲಿ ನಿಜವಾಗಿ ಏನೂ ಇರುವುದಿಲ್ಲ. ಕಾಲು ನೋವು, ಚಿಲ್ಲರೆ ಜಗಳ, ಮುಗೀತು. ಅವತ್ತು ತಾರೀಖು ಬರೆದು ಖಾಲಿ ಬಿಡಿ. ವಾರದ ರಜೆಯ ದಿನ ಡೈರಿ ಮುಟ್ಟಲೇಬೇಡಿ. ಅರ್ಥ ಹುಡುಕುತ್ತಾ ಕೂತವರು ಎದುರಿನ ಮನುಷ್ಯರನ್ನು ಕವಿತೆಗೆ ಸಾಮಾನು ಅನ್ನುವ ಹಾಗೆ ನೋಡಲು ಶುರು ಮಾಡುತ್ತಾರೆ. ಒಬ್ಬ ಯವ್ವ ಅಳುತ್ತಿದ್ದರೆ ಮೊದಲು ನೀರು ಕೊಡಬೇಕೋ, ಮೂರು ಪದ ಗುರುತು ಹಾಕಿಕೊಳ್ಳಬೇಕೋ ಅನ್ನುವ ಪ್ರಶ್ನೆ ಬಂದರೆ ಡೈರಿ ಒಂದಷ್ಟು ದಿನ ಪೆಟ್ಟಿಗೆಯಲ್ಲಿರಲಿ.

ಈಗ ಅವ್ವನ ವಿಚಾರ.

ಬರೆದರೆ ದುಃಖ ಹೋಗುತ್ತದೆ ಅನ್ನುವ ಮಾತು ಅರ್ಧ ನಿಜ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಲ್ಲಿ ಈ ಬಗ್ಗೆ ಒಂದು ಹೆಸರಾದ ಅಧ್ಯಯನ ಪ್ರಕಟಿಸಿದರು. ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ತಮಗಾದ ನೋವಿನ ಬಗ್ಗೆ ಬರೆದರು. ಬರೆದ ಕೂಡಲೇ ಅವರ ಮನಸ್ಸು ಹಗುರವಾಗಲಿಲ್ಲ, ಇನ್ನಷ್ಟು ಕುಗ್ಗಿತು. ಮುಂದಿನ ತಿಂಗಳುಗಳಲ್ಲಿ ಅವರು ದವಾಖಾನೆಗೆ ಹೋಗುವುದು ಕಡಿಮೆಯಾಯಿತು. ಆಮೇಲೆ ಇಂಥ ಅಧ್ಯಯನಗಳು ಬಹಳ ಆಗಿವೆ. ಎಲ್ಲ ಸೇರಿಸಿ ನೋಡಿದರೆ ಲಾಭ ಇದೆ, ಆದರೆ ಸಣ್ಣದು, ಎಲ್ಲರಿಗೂ ಒಂದೇ ಥರ ಅಲ್ಲ. ಹಾಗಾಗಿ ಅವ್ವನ ಬಗ್ಗೆ ಬರೆದ ರಾತ್ರಿ ನಿದ್ದೆ ಬರುವುದಿಲ್ಲ ಅಂದರೆ ನೀವು ಏನೋ ತಪ್ಪು ಮಾಡುತ್ತಿದ್ದೀರಿ ಅಂತಲ್ಲ. ಆಗುವುದೇ ಹಾಗೆ. ಆ ಹೊತ್ತಿನಲ್ಲಿ ಬರೆಯುವುದು ಮಾತ್ರ ಬೇಡ.

ಅವ್ವನ ಬಗ್ಗೆ ಹಗಲು ಬರೆಯಿರಿ. ರಜೆ ದಿನ, ಬೆಳಿಗ್ಗೆ. ಫೋನಿನಲ್ಲಿ 15 ನಿಮಿಷಕ್ಕೆ ಅಲಾರಂ ಇಡಿ. ಅದು ಕೂಗಿದ ಕೂಡಲೇ ಪೆನ್ನು ಕೆಳಗಿಟ್ಟು ಕೈಗೆ ಕೆಲಸ ಕೊಡಿ. ರೊಟ್ಟಿ ಬಡಿಯಿರಿ, ಬಟ್ಟೆ ಒಗೆಯಿರಿ. ಅವ್ವ ಎಷ್ಟು ಒಳ್ಳೆಯವಳು, ನಾನೆಷ್ಟು ಒಂಟಿ ಅಂತ ಬರೆಯಲು ಹೋಗಬೇಡಿ. ಅದು ಸುತ್ತಿ ಸುತ್ತಿ ಅದೇ ಜಾಗಕ್ಕೆ ಬರುತ್ತದೆ. ಒಂದು ಸಲಕ್ಕೆ ಅವಳ ಒಂದು ವಸ್ತು ಹಿಡಿಯಿರಿ. ಅವಳ ಎಲೆ ಅಡಿಕೆ ಸಂಚಿ. ಅವಳು ಹೊಲಿದ ಕೌದಿ ಇದ್ದರೆ ಅದರಲ್ಲಿ ಯಾರ ಯಾರ ಹಳೆ ಸೀರೆಯ ತುಂಡುಗಳಿವೆ. ಅವಳ ಕನ್ನಡಕದ ದಾರ. ವಸ್ತು ಕೈಗೆ ಸಿಕ್ಕಾಗ ನೆನಪು ಒಂದು ಅಳತೆಯಲ್ಲಿ ಬರುತ್ತದೆ, ಮೈಮೇಲೆ ಬೀಳುವುದಿಲ್ಲ. ಇದು ಪುಸ್ತಕದ ಮಾತಲ್ಲ, ಶಿಬಿರದಲ್ಲಿ ಕಂಡದ್ದು.

ಬರೆಯುವಾಗ ತುಂಬಾ ಕಷ್ಟವಾದರೆ ನಿಲ್ಲಿಸಿ. ಬರೆದು ಮುಗಿಸಲೇಬೇಕು ಅನ್ನುವ ಹರಕೆ ಇಲ್ಲ. ಬರೆದದ್ದನ್ನು ಯಾರಿಗೂ ತೋರಿಸಬೇಕಾಗಿಲ್ಲ. ಮಾತಾಡಬೇಕು ಅನ್ನಿಸಿದರೆ ಅಕ್ಕತಂಗಿಯರೋ ಅಣ್ಣತಮ್ಮಂದಿರೋ ಇದ್ದರೆ ಅವರ ಜೊತೆ ಮಾತಾಡಿ. ಅವರೂ ಅವ್ವನನ್ನು ಕಳೆದುಕೊಂಡವರೇ.

ಒಂದು ಎಚ್ಚರಿಕೆ ಮಾತ್ರ ನೇರವಾಗಿ ಹೇಳಬೇಕು. ಎರಡು ವಾರಕ್ಕಿಂತ ಹೆಚ್ಚು ಕಾಲ ಬರೆಯದ ರಾತ್ರಿಯೂ ನಿದ್ದೆ ಬರದಿದ್ದರೆ, ಊಟ ಸೇರದಿದ್ದರೆ, ಮೊದಲು ಇಷ್ಟವಿದ್ದ ಯಾವುದೂ ಬೇಡವಾದರೆ, ಡ್ಯೂಟಿಗೆ ಹೋಗುವುದೇ ಆಗದಿದ್ದರೆ, ಅದು ಕವಿತೆಯ ಕೆಲಸ ಅಲ್ಲ. ವೈದ್ಯರ ಕೆಲಸ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗ ಎಲ್ಲಿದೆ ಅಂತ ಕೇಳಿ ಹೋಗಿ. ಹೋಗಲು ಸಂಕೋಚವಾದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು. ದುಡ್ಡಿಲ್ಲ, ಹಗಲುರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಸಾಯಬೇಕು ಅನ್ನುವ ಯೋಚನೆ ಒಂದು ಸಲ ಬಂದರೂ ಎರಡು ವಾರ ಕಾಯಬೇಡಿ, ಅವತ್ತೇ ಫೋನ್ ಮಾಡಿ, ಮನೆಯವರಿಗೂ ಹೇಳಿ. ಪತ್ರದಲ್ಲಿ ನೀವು ಹಾಗೆ ಬರೆದಿಲ್ಲ. ಆದರೂ ಹೇಳಿರುತ್ತೇನೆ.

ನಿಮ್ಮ ಯಜಮಾನರ ವಿಷಯದಲ್ಲಿ ನಾನು ಅವರ ಕಡೆ. ಬೇಜಾರು ಮಾಡಿಕೊಳ್ಳಬೇಡಿ. ಕೆಲಸ ಇಲ್ಲದೆ ಮನೆಯಲ್ಲಿ ಕೂತ ದಿನಗಳು ಯಾವ ಗಂಡಸಿಗೂ ಸುಲಭ ಅಲ್ಲ. ಅದನ್ನು ಅವರಿಗೆ ಗೊತ್ತಿಲ್ಲದೆ ನೂರಾರು ಜನರ ಮುಂದೆ ಇಟ್ಟಿರಿ. ಕವಿತೆ ಎಷ್ಟೇ ಪ್ರೀತಿಯಿಂದ ಬರೆದದ್ದಿರಲಿ, ಆ ದಿನಗಳು ನಿಮ್ಮೊಬ್ಬರವಲ್ಲ, ಅವರವೂ ಹೌದು. ಬರೆಯಲು ಯಾರ ಒಪ್ಪಿಗೆಯೂ ಬೇಡ, ಹೊರಗೆ ಹಾಕಲು ಬೇಕು. ಇದು ನಾನು ಎಲ್ಲರಿಗೂ ಹೇಳುವ ನಿಯಮ. ಗುಂಪಿನಿಂದ ಅದನ್ನು ತೆಗೆಯಲು ಈಗ ಆಗಲಿಕ್ಕಿಲ್ಲ, ಕಳಿಸಿ ಬಹಳ ದಿನವಾಗಿದ್ದರೆ ಎಲ್ಲರ ಫೋನಿನಿಂದ ಅಳಿಸಲು ವಾಟ್ಸಾಪ್ ಬಿಡುವುದಿಲ್ಲ. ಆದರೆ "ನಿಮ್ಮನ್ನು ಕೇಳದೆ ಹಾಕಬಾರದಿತ್ತು" ಅಂತ ಅವರಿಗೆ ಹೇಳಲು ಆಗುತ್ತದೆ. ಹೇಳಿ. ಆಮೇಲೆ ಬೇಕಾದರೆ ಆ ಕವಿತೆಯನ್ನು ಅವರೆದುರು ಒಮ್ಮೆ ಓದಿ. ಮೊದಲು ಕೇಳಬೇಕಾಗಿದ್ದವರು ಅವರೇ. ಬಸ್ಸಿನ ಪ್ರಯಾಣಿಕರಿಗೂ ಇದೇ ಲೆಕ್ಕ. ಸೊನ್ನೆ ಟಿಕೆಟ್ಟಿನ ಯವ್ವ ಯಾರು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಅದು ಸರಿ. ಊರು, ಜಾತಿ, ಮನೆತನ, ರೋಗ ಇವುಗಳಿಂದ ಗುರುತು ಸಿಗುವ ಹಾಗಿದ್ದರೆ ಬದಲಿಸಿ, ಇಲ್ಲವೇ ಡೈರಿಯಲ್ಲೇ ಇಡಿ.

ಗುಂಪಿಗೆ ಹಾಕುವುದನ್ನು ಪೂರ್ತಿ ಬಿಡಿ ಅನ್ನುವುದಿಲ್ಲ. ಬರೆದ ಕೂಡಲೇ ಹಾಕಬೇಡಿ, ಒಂದು ತಿಂಗಳು ಇಟ್ಟು ಓದಿ. ಗುಂಪಿಗೆ ಯಾವುದು ಹಿಡಿಸುತ್ತದೆ ಅಂತ ಗೊತ್ತಾದ ಮೇಲೆ ಕಣ್ಣು ಅದನ್ನೇ ಹುಡುಕುತ್ತದೆ. ನಿಮ್ಮ ಕೊನೆಯ ಎರಡು ಸಾಲು ಎಲ್ಲಿಂದ ಬಂದವು ಅಂತ ನನಗೆ ಅನುಮಾನ ಇರುವುದು ಅದರ ಮೇಲೇ. ಅಂಥ ಸಾಲಿಗೆ ಹೂವು, ಕೈಮುಗಿಯುವ ಚಿತ್ರ ಜಾಸ್ತಿ ಬೀಳುತ್ತವೆ. ಗುಂಪಿಗಿಂತ ಇಬ್ಬರು ಮೂವರು ಓದುಗರು ಒಳ್ಳೆಯವರು. ನಿಮ್ಮ ಡಿಪೋದಲ್ಲಿ ಹಾಗೆ ಯಾರಾದರೂ ಇದ್ದಾರಾ ನೋಡಿ. ನಮ್ಮ ಶಿಬಿರಕ್ಕೆ ಬಂದರೂ ಆಯಿತು.

ಪುಸ್ತಕ ಈಗಲೇ ಬೇಡ. ದುಡ್ಡು ತೆಗೆದುಕೊಂಡು ಪುಸ್ತಕ ಮಾಡಿಕೊಡುವವರಲ್ಲಿ ಒಳ್ಳೆಯವರೂ ಇದ್ದಾರೆ. ಆದರೆ ಪುಸ್ತಕ ಮಾರುವ ಹೊಣೆ ಅವರು ಹೊರುವುದಿಲ್ಲ, ಕಟ್ಟು ಬಂದು ನಿಮ್ಮ ಮಂಚದ ಕೆಳಗೆ ಕೂರುತ್ತದೆ. ಒಂದು ಸುತ್ತು ಋತು ತಿರುಗಲಿ, ಒಂದು ಮುಂಗಾರಿಯಿಂದ ಇನ್ನೊಂದು ಮುಂಗಾರಿಯವರೆಗೆ. ಆಗ ಬರೆದದ್ದನ್ನೆಲ್ಲ ಮುಂದಿಟ್ಟುಕೊಂಡು ಕೊನೆಯ ಸಾಲುಗಳನ್ನು ಕೈಯಿಂದ ಮುಚ್ಚಿ ಓದಿ. ಮುಚ್ಚಿದರೂ ನಿಲ್ಲುವವನ್ನು ಆರಿಸಿ, ಬಸ್‌ಸ್ಟ್ಯಾಂಡ್ ಹತ್ತಿರದ ಝೆರಾಕ್ಸ್ ಅಂಗಡಿಯಲ್ಲಿ ಇಪ್ಪತ್ತು ಪ್ರತಿ ತೆಗೆಸಿ, ನಡುವೆ ಪಿನ್ ಹೊಡೆಸಿ ಬೇಕಾದವರಿಗೆ ಕೊಡಿ. ಅದಾದ ಮೇಲೂ ಪುಸ್ತಕ ಬೇಕು ಅನ್ನಿಸಿದರೆ ಮುಂಗಡ ಕೊಡುವ ಮುಂಚೆ ನನಗೊಂದು ಪತ್ರ ಬರೆಯಿರಿ. ಎಷ್ಟು ಪ್ರತಿ, ಎಷ್ಟು ಪುಟ, ಅವರು ಕೇಳುತ್ತಿರುವುದು ಎಷ್ಟು ಅಂತ ಅದರಲ್ಲಿ ಇರಲಿ.